ಮೈಸೂರು ಸೀಮೆಯ ಮೂಸೆಯ ಉಕ್ಕು: ತಯಾರಿಕೆಯ ಕ್ರಮಗಳ ಒಂದು ಮರುವಿವೇಚನೆ

1. ಪೀಠಿಕೆ

ದಕ್ಷಿಣ ಭಾರತದ ಲೋಹವಿದ್ಯೆಯ ಇತಿಹಾಸವನ್ನು ಕುರಿತ ಬರವಣಿಗೆಯಲ್ಲಿ ‘ವೂಟ್ಜ್’ ಎಂಬ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪರ್ಷಿಯ ಹಾಗೂ ಪಶ್ಚಿಮ ಏಷ್ಯದ ಹೆಸರಾಂತ ಖಡ್ಗಗಳಿಗೆ ಬೇಕಾದ ಉಕ್ಕು ಈ ನಾಡಿನಿಂದ ಹೋಗುತ್ತಿತ್ತು ಎಂಬುದನ್ನೂ, ಈ ಉಕ್ಕಿನ ತಯಾರಿಕೆಯ ‘ರಹಸ್ಯ’ ಕಾಲಾಂತರದಲ್ಲಿ ಕಳೆದುಹೋಯಿತು ಎಂಬುದನ್ನೂ ಅನೇಕ ಲೇಖಕರು ಹೆಮ್ಮೆ ಮತ್ತು ವಿಷಾದಗಳು ಬೆರೆತ ಧ್ವನಿಯಲ್ಲಿ ಹೇಳಿದ್ದಾರೆ. ಹೆಮ್ಮೆಗೆ ಆಧಾರವಿದೆ. ಆದರೆ ‘ರಹಸ್ಯ’ ಎಂಬ ಮಾತನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕಾಗಿದೆ. 1800ರಲ್ಲಿಯೇ ಹೊರಗಿನವನೊಬ್ಬನು ಈ ಕೆಲಸವನ್ನು ಕಣ್ಣಾರೆ ಕಂಡು, ತೂಕ ಅಳತೆಗಳೊಡನೆ ಬರೆದಿಟ್ಟಿದ್ದಾನೆ. ಹೀಗೆ ಬರೆದಿಟ್ಟದ್ದು ರಹಸ್ಯವಾಗಿ ಉಳಿಯಲಾರದು. ಹಾಗಿದ್ದರೆ ಕಳೆದುಹೋದದ್ದು ಯಾವುದು?

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದರೆ ಉಕ್ಕನ್ನು ಒಂದು ವಸ್ತುವೆಂದು ನೋಡುವುದಕ್ಕಿಂತ ಒಂದು ತಯಾರಿಕೆಯ ಕ್ರಮವೆಂದು ನೋಡುವುದು ಅಗತ್ಯ. ಅದಿರಿನಿಂದ ಕಬ್ಬಿಣ ತೆಗೆಯುವುದು ಒಂದು ಕ್ರಮ. ಕಬ್ಬಿಣವನ್ನು ಮೂಸೆಯಲ್ಲಿ ಉಕ್ಕಾಗಿಸುವುದು ಇನ್ನೊಂದು ಕ್ರಮ. ಮೂಸೆಯ ಉಕ್ಕಿನಲ್ಲಿಯೇ ಒಂದಕ್ಕಿಂತ ಹೆಚ್ಚು ಬಗೆಗಳಿವೆ. ನಮ್ಮ ಸ್ಥಳೀಯ ಚರಿತ್ರೆಗಳಲ್ಲಿ ಇವೆಲ್ಲವೂ ಒಂದೇ ಎಂಬಂತೆ ಬೆರೆತುಹೋಗಿರುವುದು ಕಂಡುಬರುತ್ತದೆ. ಈ ಕ್ರಮಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಅವುಗಳ ಹಿಂದಿನ ದುಡಿಮೆ ಮತ್ತು ತಿಳಿವಳಿಕೆಯ ಸ್ವರೂಪವನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಪದಗಳು ಮತ್ತು ಪದಾರ್ಥಗಳು

ವಿಷಯ ಪ್ರವೇಶಕ್ಕೆ ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಕನ್ನಡದಲ್ಲಿ ಕಬ್ಬಿಣ, ಬೀಡು, ಉಕ್ಕು ಎಂಬ ಮೂರು ಪದಗಳು ಬಳಕೆಯಲ್ಲಿವೆ. ಇವು ಮೂರೂ ಒಂದೇ ಲೋಹದ ಮೂರು ಸ್ಥಿತಿಗಳು. ಇವುಗಳ ನಡುವಣ ಭೇದವನ್ನು ನಿರ್ಧರಿಸುವುದು ಮುಖ್ಯವಾಗಿ ಅವುಗಳಲ್ಲಿರುವ ಇಂಗಾಲದ ಪ್ರಮಾಣ. ಇಂಗಾಲವು ತೀರ ಕಡಿಮೆಯಿರುವ ಲೋಹವು ಮೆದು ಕಬ್ಬಿಣ. ಅದನ್ನು ಬಡಿದು ಬಾಗಿಸಬಹುದು, ಆದರೆ ಅದರ ಅಲಗು ಬೇಗ ಮೊಂಡಾಗುತ್ತದೆ. ಇಂಗಾಲವು ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿರುವ ಲೋಹವು ಬೀಡು. ಅದನ್ನು ಎರಕ ಹೊಯ್ಯಬಹುದು, ಆದರೆ ಬಡಿದರೆ ಒಡೆಯುತ್ತದೆ. ಇವೆರಡರ ನಡುವಿನದು ಉಕ್ಕು. ದಕ್ಷಿಣ ಭಾರತದ ಮೂಸೆಯ ಉಕ್ಕಿನಲ್ಲಿ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ ಒಂದೂಕಾಲರಿಂದ ಎರಡರವರೆಗೆ ಇರುತ್ತದೆ. ಇಂದಿನ ಸಾಮಾನ್ಯ ಉಕ್ಕಿನೊಡನೆ ಹೋಲಿಸಿದರೆ ಇದು ಬಹಳ ಹೆಚ್ಚು.

ಇಂಗಾಲದ ಪ್ರಮಾಣವು ಕರಗುವ ಉಷ್ಣತೆಯನ್ನೂ ಬದಲಿಸುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲವು ನೂರಕ್ಕೆ 4.3ರಷ್ಟಿದ್ದರೆ 1147 ಡಿಗ್ರಿಯಲ್ಲಿಯೇ ಲೋಹ ದ್ರವವಾಗುತ್ತದೆ. ಚರ್ಮದ ತಿದಿಯನ್ನೂ ಇದ್ದಲನ್ನೂ ಅವಲಂಬಿಸಿದ್ದ ಕಮ್ಮಾರನಿಗೆ ಮೆದು ಕಬ್ಬಿಣವನ್ನು ನೇರವಾಗಿ ಕರಗಿಸುವುದು ಸಾಧ್ಯವಿರಲಿಲ್ಲ. ಆದರೆ ಕಬ್ಬಿಣಕ್ಕೆ ಇಂಗಾಲವನ್ನು ಕೂಡಿಸುತ್ತ ಹೋದರೆ ಅದು ಅವನ ಬೆಂಕಿಯ ಅಳವಿಗೆ ಬರುತ್ತದೆ. ಮೂಸೆಯ ಉಕ್ಕಿನ ವಿದ್ಯೆಯೆಲ್ಲವೂ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

‘ವೂಟ್ಜ್’ ಎಂಬುದು ಕನ್ನಡದ ‘ಉಕ್ಕು’ ಪದದ ರೂಪಾಂತರವೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಹುಕಾಲದಿಂದ ಇದೆ. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು, ‘ವೂಕ್’ ಎಂದು ಬರೆದದ್ದು ನಕಲು ಮಾಡುವವರ ತಪ್ಪಿನಿಂದ ‘ವೂಟ್ಜ್’ ಆಗಿರಬೇಕೆಂದು ಊಹಿಸಿತು. ತೆಲುಗಿನಲ್ಲಿಯೂ ‘ಉಕ್ಕು’ ಎಂದೇ ಇದೆ. ತಮಿಳಿನಲ್ಲಿ ‘ಉರುಕ್ಕು’ ಎಂದಿದೆ. ತಮಿಳಿನ ‘ಉರುಕು’ ಧಾತುವಿಗೆ ಕರಗು ಎಂಬ ಅರ್ಥವಿರುವುದು ಗಮನಾರ್ಹ. ಈ ಸಂಬಂಧವನ್ನು ಒಪ್ಪುವುದಾದರೆ, ಉಕ್ಕು ಎಂಬ ಹೆಸರಿನಲ್ಲಿಯೇ ಅದರ ತಯಾರಿಕೆಯ ಕ್ರಮ ಅಡಗಿದೆ ಎನ್ನಬೇಕಾಗುತ್ತದೆ. ಬಡಿದು ಮಾಡಿದ್ದು ಕಬ್ಬಿಣ. ಕರಗಿಸಿ ಮಾಡಿದ್ದು ಉಕ್ಕು.

3. ಮೊದಲ ಕ್ರಮ: ಅದಿರಿನಿಂದ ಕಬ್ಬಿಣ

ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಬಹು ಪ್ರಾಚೀನವಾದುದು. ಇಂದಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳ ನೆಲೆಗೆ ಕ್ರಿ.ಪೂ. 1000ದ ಆಸುಪಾಸಿನ ಕಾಲವನ್ನು ಇಂಗಾಲ-14 ಪರೀಕ್ಷೆಯ ಮೂಲಕ ನಿರ್ಧರಿಸಲಾಯಿತು. ದಕ್ಷಿಣದಲ್ಲಿ ಕಬ್ಬಿಣ ಬಹಳ ತಡವಾಗಿ ಬಂದಿತೆಂಬ ಅಂದಿನ ನಂಬಿಕೆಯನ್ನು ಇದು ಅಲುಗಿಸಿತು. ಆದರೆ ಇಂತಹ ವಸ್ತುಗಳು ಕಬ್ಬಿಣದ ಬಳಕೆಗೆ ಸಾಕ್ಷಿಯೇ ಹೊರತು ತಯಾರಿಕೆಯ ಹಂತಗಳಿಗೆ ಅಲ್ಲ. ಹಂತಗಳನ್ನು ತಿಳಿಯಲು ನಾವು ಬಹಳ ಈಚಿನ ಒಂದು ದಾಖಲೆಯ ಬಳಿಗೆ ಬರಬೇಕಾಗುತ್ತದೆ.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬ್ಯೂಕನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದನು. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಹೊಸದಾಗಿ ಕೈಗೆ ಬಂದ ನಾಡಿನ ಆದಾಯದ ಮೂಲಗಳನ್ನು ತಿಳಿಯುವುದು ಅವನನ್ನು ಕಳುಹಿಸಿದವರ ಗುರಿಯಾಗಿತ್ತು. ಆ ಗುರಿ ಏನೇ ಇರಲಿ, ಕೆಲಸಗಾರರ ಸಂಖ್ಯೆ, ಸಾಮಗ್ರಿಯ ತೂಕ, ಕೆಲಸದ ಅವಧಿ ಇವುಗಳನ್ನು ಬರೆದುಕೊಳ್ಳುವ ಅವನ ಅಭ್ಯಾಸದಿಂದಾಗಿ ಅನೇಕ ಕಸುಬುಗಳ ಚಿತ್ರಣ ನಮಗೆ ಉಳಿದುಬಂದಿದೆ.

ಮಾಗಡಿ ಸೀಮೆಯಲ್ಲಿಯೂ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತಿನಲ್ಲಿಯೂ ಬ್ಯೂಕನನ್ ಕಂಡ ಕಬ್ಬಿಣದ ಕೆಲಸಕ್ಕೆ ಮುಖ್ಯ ಅದಿರು ಕಪ್ಪು ಮರಳು. ಮಳೆಗಾಲದಲ್ಲಿ ಬೆಟ್ಟಗಳಿಂದ ಇಳಿಯುವ ಹಳ್ಳಗಳು ಈ ಮರಳನ್ನು ಹೊತ್ತು ತರುತ್ತಿದ್ದವು. ಅದನ್ನು ನೀರಿನಲ್ಲಿ ತೊಳೆದಾಗ ಹಗುರಾದ ಮಣ್ಣು ಕೊಚ್ಚಿಹೋಗಿ ಭಾರವಾದ ಅದಿರು ತಳದಲ್ಲಿ ನಿಲ್ಲುತ್ತಿತ್ತು. ಇದನ್ನು ಮಣ್ಣಿನ ಚಿಕ್ಕ ಕುಲುಮೆಯಲ್ಲಿ ಇದ್ದಲಿನೊಡನೆ ಹಾಕಿ, ಚರ್ಮದ ತಿದಿಗಳಿಂದ ಗಾಳಿ ಊದುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಕುಲುಮೆಯಲ್ಲಿ ಕಬ್ಬಿಣ ಕರಗುವುದಿಲ್ಲ. ಇದ್ದಲಿನಿಂದ ಹೊರಡುವ ಅನಿಲವು ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಅದಿರಿನ ಕಲ್ಮಶವು ಕರಗಿ ಕಿಟ್ಟವಾಗಿ ಹರಿಯುತ್ತದೆ. ಕಬ್ಬಿಣವು ಮಾತ್ರ ಘನರೂಪದಲ್ಲಿಯೇ, ರಂಧ್ರಗಳಿಂದ ಕೂಡಿದ ಮುದ್ದೆಯಾಗಿ ತಳದಲ್ಲಿ ಉಳಿಯುತ್ತದೆ. ಆ ಮುದ್ದೆಯನ್ನು ಹೊರತೆಗೆದು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಬಡಿದು, ಒಳಗೆ ಸಿಕ್ಕಿಬಿದ್ದ ಕಿಟ್ಟವನ್ನು ಹಿಂಡಿ ತೆಗೆಯಬೇಕು. ಹೀಗೆ ಬಡಿದು ಬೆಣೆಯ ಆಕಾರಕ್ಕೆ ತಂದ ಮೆದು ಕಬ್ಬಿಣವೇ ನೇಗಿಲ ಗುಳ, ಕುಡುಗೋಲು, ಗುದ್ದಲಿಗಳಿಗೆ ಸಾಮಗ್ರಿ. ಮೂಸೆಯ ಉಕ್ಕು ಮಾಡುವವನಿಗೂ ಇದೇ ಕಚ್ಚಾ ಸಾಮಗ್ರಿ. ಒಬ್ಬನ ಸಿದ್ಧ ಸರಕು ಇನ್ನೊಬ್ಬನ ಕೆಲಸದ ಆರಂಭವಾಗಿತ್ತು.

4. ಎರಡನೆಯ ಕ್ರಮ: ಕಬ್ಬಿಣದಿಂದ ಉಕ್ಕು

ಉಕ್ಕಿನ ಕೆಲಸವನ್ನು ಬ್ಯೂಕನನ್ ಹೆಚ್ಚು ವಿವರವಾಗಿ ವರ್ಣಿಸಿದ್ದಾನೆ. ಅವನ ವರ್ಣನೆಯ ಸಾರ ಹೀಗಿದೆ. ಮೂಸೆಗಳು ಹಸಿಮಣ್ಣಿನವು, ಶಂಕುವಿನ ಆಕಾರದವು. ಪ್ರತಿಯೊಂದು ಮೂಸೆಯಲ್ಲಿ ಕಬ್ಬಿಣದ ಬೆಣೆಯ ಮೂರನೆಯ ಒಂದು ಭಾಗವನ್ನು ಇಟ್ಟು, ಅದರೊಡನೆ ಮೂರು ರೂಪಾಯಿ ತೂಕದಷ್ಟು ತಂಗಡಿ ಗಿಡದ ಕಾಂಡದ ತುಂಡುಗಳನ್ನೂ ಒಂದು ಬಗೆಯ ಬಳ್ಳಿಯ ಎರಡು ಹಸಿರೆಲೆಗಳನ್ನೂ ಹಾಕುತ್ತಿದ್ದರು. ಬಳಿಕ ಮೂಸೆಯ ಬಾಯಿಗೆ ಮಣ್ಣಿನ ಮುಚ್ಚಳವಿಟ್ಟು, ಸಂದು ಉಳಿಯದಂತೆ ಮೆತ್ತಿ, ಬೆಂಕಿಯ ಬಳಿ ಚೆನ್ನಾಗಿ ಒಣಗಿಸುತ್ತಿದ್ದರು.

ಕುಲುಮೆಯಲ್ಲಿ ಮೂಸೆಗಳನ್ನು ಜೋಡಿಸುವ ರೀತಿ ವಿಶೇಷವಾದುದು. ಇಳಿಜಾರಾದ ಬಾಯಿಯ ಸುತ್ತ ಒಂದು ಸಾಲು, ಅದರ ಒಳಗೆ ಇನ್ನೊಂದು ಸಾಲು, ನಡುವೆ ಒಂದೇ ಮೂಸೆ, ಹೀಗೆ ಒಟ್ಟು ಹದಿನೈದು ಮೂಸೆಗಳು ಸೇರಿ ಕಮಾನು ಕಟ್ಟಿದಂತಾಗುತ್ತಿತ್ತು. ಸುಡಬೇಕಾದ ಮೂಸೆಗಳೇ ಕುಲುಮೆಯ ಚಾವಣಿಯೂ ಆಗಿದ್ದವು. ಅನಂತರ ತಿದಿಯ ಬಾಯಿಗೆ ಎದುರಾಗಿರುವ ಮೂಸೆಯನ್ನು ತೆಗೆದು ಅಲ್ಲಿ ಖಾಲಿ ಮೂಸೆಯೊಂದನ್ನು ಇಡುತ್ತಿದ್ದರು. ಅಗತ್ಯವಾದಾಗ ಅದನ್ನು ಹಿಂದಕ್ಕೆ ಎಳೆದು ಒಳಗೆ ಇದ್ದಲು ಹಾಕಲು ಅನುಕೂಲವಾಗುತ್ತಿತ್ತು. ಆದ್ದರಿಂದ ಒಂದು ಸಲಕ್ಕೆ ಫಲ ಕೊಡುವ ಮೂಸೆಗಳು ಹದಿನಾಲ್ಕು. ನಾಲ್ಕು ಗಂಟೆಗಳ ಕಾಲ ತಿದಿ ಒತ್ತಿದ ಮೇಲೆ ಕೆಲಸ ಮುಗಿಯುತ್ತಿತ್ತು. ಮೂಸೆಗಳನ್ನು ಒಡೆದಾಗ ಉಕ್ಕು ಗಟ್ಟಿಯಾಗಿ ಕುಳಿತಿರುತ್ತಿತ್ತು. ಗಟ್ಟಿಯ ಮೇಲ್ಮೈಯಲ್ಲಿ ಹರಳುಗಟ್ಟಿದ ಗೆರೆಗಳು ಕಾಣುತ್ತಿದ್ದುದರಿಂದ ಲೋಹವು ಪೂರ್ತಿಯಾಗಿ ಕರಗಿತ್ತೆಂಬುದನ್ನು ಬ್ಯೂಕನನ್ ಸರಿಯಾಗಿಯೇ ಗ್ರಹಿಸಿದನು. ಒಂದೊಂದು ಗಟ್ಟಿಯ ತೂಕ ಇಪ್ಪತ್ತನಾಲ್ಕು ರೂಪಾಯಿ ತೂಕಕ್ಕಿಂತ ತುಸು ಹೆಚ್ಚು.

ಕೆಲಸಗಾರರ ತಂಡದಲ್ಲಿ ಹದಿಮೂರು ಮಂದಿ. ಮೂಸೆಗಳನ್ನು ಮಾಡುವುದು, ತುಂಬುವುದು, ಕುಲುಮೆಯಲ್ಲಿ ಜೋಡಿಸುವುದು ಮುಖ್ಯಸ್ಥನ ಹೊಣೆ. ಉಳಿದ ಹನ್ನೆರಡು ಮಂದಿ ತಲಾ ಮೂವರಂತೆ ನಾಲ್ಕು ಪಾಳಿಗಳಲ್ಲಿ ದುಡಿಯುತ್ತಿದ್ದರು: ಒಬ್ಬನು ಬೆಂಕಿಯನ್ನು ನೋಡಿಕೊಳ್ಳುವವನು, ಇಬ್ಬರು ತಿದಿ ಒತ್ತುವವರು. ಕೆಲಸ ಹಗಲಿರುಳು ನಡೆಯುತ್ತಿತ್ತು. ದಿನಕ್ಕೆ ಐದು ಸಲ ಕುಲುಮೆ ಕಟ್ಟಿ ಇಳಿಸುತ್ತಿದ್ದರು. ಹೀಗೆ ದೊರೆತ ಉಕ್ಕು ಕಲ್ಲುಕುಟಿಗರ ಉಳಿಗಳಿಗೆ, ಕತ್ತಿಯ ಅಲಗುಗಳಿಗೆ ಹಾಗೂ ವಾದ್ಯಗಳ ತಂತಿಗಳಿಗೆ ಬಳಕೆಯಾಗುತ್ತಿತ್ತು. ಮೂಸೆಯ ಉಕ್ಕೆಂದರೆ ಖಡ್ಗವೊಂದನ್ನೇ ನೆನೆಯುವ ರೂಢಿಯನ್ನು ಈ ಪಟ್ಟಿ ತಿದ್ದುತ್ತದೆ. ಈ ನಾಡಿನ ಗಟ್ಟಿ ಶಿಲೆಯನ್ನು ಕಡೆಯುವವನಿಗೂ, ತಂತಿವಾದ್ಯವನ್ನು ನುಡಿಸುವವನಿಗೂ ಈ ಉಕ್ಕು ಬೇಕಾಗಿತ್ತು.

5. ಅಂಕಿಅಂಶಗಳ ವಿವೇಚನೆ

ಬ್ಯೂಕನನ್ ಕೊಟ್ಟಿರುವ ತೂಕಗಳನ್ನು ಇಂದಿನ ಮಾನಕ್ಕೆ ಪರಿವರ್ತಿಸಿ ನೋಡಿದರೆ ಈ ಕ್ರಮದ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಪ್ಪತ್ತನಾಲ್ಕು ರೂಪಾಯಿ ತೂಕವೆಂದರೆ ಸುಮಾರು 275 ಗ್ರಾಂ. ಮೂರು ರೂಪಾಯಿ ತೂಕದ ತಂಗಡಿಯ ತುಂಡುಗಳು ಸುಮಾರು 34 ಗ್ರಾಂ. 275 ಗ್ರಾಂ ಲೋಹದಲ್ಲಿ ಇಂಗಾಲವು ನೂರಕ್ಕೆ ಒಂದೂವರೆಯಷ್ಟಿರಬೇಕಾದರೆ ಬೇಕಾಗುವ ಇಂಗಾಲ ಸುಮಾರು 4 ಗ್ರಾಂ ಮಾತ್ರ. ಕಟ್ಟಿಗೆಯನ್ನು ಗಾಳಿ ತಾಗದಂತೆ ಕಾಯಿಸಿದಾಗ ಅದರ ತೂಕದ ಸುಮಾರು ಕಾಲು ಭಾಗ ಇದ್ದಲಾಗಿ ಉಳಿಯುತ್ತದೆಂದು ಇಟ್ಟುಕೊಂಡರೆ, ಈ ತುಂಡುಗಳಿಂದ ಎಂಟು ಗ್ರಾಂಗಿಂತ ಸ್ವಲ್ಪ ಹೆಚ್ಚು ಇಂಗಾಲ ದೊರೆಯುತ್ತದೆ. ಮುಚ್ಚಿದ ಮೂಸೆಯಲ್ಲಿದ್ದ ಗಾಳಿಯೂ ಕಬ್ಬಿಣಕ್ಕೆ ಅಂಟಿದ ತುಕ್ಕೂ ಕಿಟ್ಟವೂ ಇದರಲ್ಲಿ ಒಂದಿಷ್ಟನ್ನು ಕಬಳಿಸುತ್ತವೆ. ಉಳಿದದ್ದು ಅಗತ್ಯಕ್ಕೆ ಸಾಕಾಗುತ್ತದೆ. ಕಡಿಮೆ ಹಾಕಿದ್ದರೆ ಕಬ್ಬಿಣ ಕರಗುತ್ತಿರಲಿಲ್ಲ. ವಿಪರೀತ ಹೆಚ್ಚು ಹಾಕಿದ್ದರೆ ಬಡಿದಾಗ ಒಡೆಯುವ ಬೀಡಾಗುತ್ತಿತ್ತು. ಇಂಗಾಲವೆಂಬ ಹೆಸರನ್ನೇ ಕೇಳದಿದ್ದ ಕುಶಲಿಯೊಬ್ಬನು, ಈ ಎರಡು ಅಪಾಯಗಳ ನಡುವಿನ ಕಿರಿದಾದ ದಾರಿಯನ್ನು ತಂಗಡಿಯ ತುಂಡುಗಳ ತೂಕದಲ್ಲಿಯೇ ಕಂಡುಕೊಂಡಿದ್ದನು.

ತಂಗಡಿಗೆ ವಿಶೇಷ ಮಹಿಮೆಯೊಂದನ್ನು ಆರೋಪಿಸುವ ಅಗತ್ಯವಿಲ್ಲ. ಅದು ಬಯಲುಸೀಮೆಯಲ್ಲಿ ಎಲ್ಲೆಲ್ಲಿಯೂ ಬೆಳೆಯುವ ಗಿಡ. ಅದರ ತೊಗಟೆ ಚರ್ಮ ಹದಮಾಡುವವರಿಗೂ ಬೇಕಾದುದು. ಸುಲಭವಾಗಿ ಸಿಗುವ, ಅಳತೆಗೆ ಒದಗುವ ಇಂಗಾಲದ ಮೂಲವಾಗಿ ಅದು ಆಯ್ಕೆಯಾಗಿದ್ದಿರಬೇಕು. ಹಸಿರೆಲೆಗಳು ಕಾದಾಗ ಹೊರಡುವ ಅನಿಲಗಳು ಮೂಸೆಯೊಳಗಿನ ಗಾಳಿಯನ್ನು ಹೊರದೂಡಿ, ಕಬ್ಬಿಣ ಉರಿದುಹೋಗದಂತೆ ಕಾಪಾಡಿರುವ ಸಾಧ್ಯತೆಯಿದೆ.

ಮೂಸೆಯ ಮಣ್ಣಿನಲ್ಲಿಯೂ ಇಂತಹದೇ ಜಾಣ್ಮೆ ಕಾಣುತ್ತದೆ. ದಕ್ಷಿಣ ಭಾರತದ ಮೂಸೆಗಳ ಮಣ್ಣಿಗೆ ಭತ್ತದ ಹೊಟ್ಟನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಬೆಂಕಿಯಲ್ಲಿ ಹೊಟ್ಟು ಕರಿಕಾಗಿ ಮೂಸೆಯ ಒಡಲು ಕಪ್ಪಾಗುತ್ತದೆ. ಹೊಟ್ಟಿನ ಸಿಲಿಕವೂ ಇಂಗಾಲವೂ ಸೇರಿ, ಸಾಮಾನ್ಯವಾದ ಮಣ್ಣನ್ನು ತೀವ್ರವಾದ ಶಾಖವನ್ನು ತಾಳುವಂತೆ ಮಾಡುತ್ತವೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಗಳ ಅವಶೇಷಗಳನ್ನು ಕುರಿತು ಟಿ.ಆರ್. ಅನಂತರಾಮು, ಪಿ.ಟಿ. ಕ್ರಾಡಕ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕಸುಬಿಗೆ ಬರಹದ ದಾಖಲೆಯಷ್ಟೇ ಅಲ್ಲದೆ ನೆಲದ ಸಾಕ್ಷ್ಯವೂ ನಮ್ಮಲ್ಲಿ ಇರುವುದನ್ನು ತೋರಿಸಿಕೊಟ್ಟಿದೆ.

ಇನ್ನು ಉತ್ಪಾದನೆಯ ಪ್ರಮಾಣ. ಹದಿನಾಲ್ಕು ಮೂಸೆಗಳಂತೆ ದಿನಕ್ಕೆ ಐದು ಸಲವೆಂದರೆ ಎಪ್ಪತ್ತು ಗಟ್ಟಿಗಳು. ಒಟ್ಟು ತೂಕ ಸುಮಾರು 19 ಕಿಲೋಗ್ರಾಂ. ಹದಿಮೂರು ಮಂದಿ ಹಗಲಿರುಳು ದುಡಿದರೆ ತಲೆಗೆ ಒಂದೂವರೆ ಕಿಲೋಗ್ರಾಂ. ಮರಳು ತೊಳೆದವರು, ಕಬ್ಬಿಣ ತೆಗೆದವರು, ಕಾಡಿನಲ್ಲಿ ಇದ್ದಲು ಸುಟ್ಟವರು, ಅದನ್ನು ಹೊತ್ತು ತಂದವರು ಈ ಲೆಕ್ಕದಿಂದ ಹೊರಗೇ ಉಳಿದಿದ್ದಾರೆ. ಒಂದು ಗಟ್ಟಿ ಉಕ್ಕಿನ ಹಿಂದೆ ಎಷ್ಟು ಕೈಗಳಿದ್ದವೆಂಬುದನ್ನು ಇದರಿಂದ ಊಹಿಸಬಹುದು.

6. ಮೈಸೂರು ಕ್ರಮ ಮತ್ತು ದಖ್ಖನಿ ಕ್ರಮ

ಮೇಲೆ ವಿವರಿಸಿದ ಪದ್ಧತಿಯೊಂದೇ ದಕ್ಷಿಣದಲ್ಲಿ ಪ್ರಚಲಿತವಾಗಿತ್ತೆಂದು ಭಾವಿಸುವುದು ಸರಿಯಲ್ಲ. ಇಂದಿನ ತೆಲಂಗಾಣಕ್ಕೆ ಸೇರಿದ ಕೋನಸಮುದ್ರಂ ಎಂಬಲ್ಲಿ ನಡೆಯುತ್ತಿದ್ದ ಉಕ್ಕಿನ ಕೆಲಸವನ್ನು ಹೆನ್ರಿ ವಾಯ್ಸಿ ಎಂಬ ವೈದ್ಯ-ಭೂವಿಜ್ಞಾನಿ ವರ್ಣಿಸಿದ್ದಾನೆ. ಅವನ ಬರಹ 1832ರಲ್ಲಿ, ಅವನ ಮರಣಾನಂತರ ಪ್ರಕಟವಾಯಿತು. ಅಲ್ಲಿ ಮೂಸೆಗೆ ಬೇರೆ ಬೇರೆ ಊರುಗಳಿಂದ ತಂದ ಎರಡು ಬಗೆಯ ಕಬ್ಬಿಣವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಹಾಕುತ್ತಿದ್ದರು. ಆ ಉಕ್ಕನ್ನು ಕೊಳ್ಳಲು ಪರ್ಷಿಯದ ವರ್ತಕರು ಅಲ್ಲಿಗೇ ಬರುತ್ತಿದ್ದರೆಂಬುದು ಅವನ ಬರಹದಿಂದ ತಿಳಿಯುತ್ತದೆ.

ಈ ಎರಡು ವರದಿಗಳನ್ನೂ ಇತರ ದಾಖಲೆಗಳನ್ನೂ ತೂಗಿನೋಡಿದ ಬೆನೆಟ್ ಬ್ರಾನ್ಸನ್ 1986ರ ತಮ್ಮ ಪ್ರಬಂಧದಲ್ಲಿ ಭಾರತದ ಮೂಸೆಯ ಉಕ್ಕಿನಲ್ಲಿ ಎರಡು ಕ್ರಮಗಳನ್ನು ಬೇರ್ಪಡಿಸಿ ತೋರಿಸಿದರು. ಮೈಸೂರು ಕ್ರಮದಲ್ಲಿ ಮೆದು ಕಬ್ಬಿಣಕ್ಕೆ ಇಂಗಾಲವು ಗಿಡಮರಗಳ ತುಂಡುಗಳಿಂದ ಬರುತ್ತದೆ. ದಖ್ಖನಿ ಕ್ರಮದಲ್ಲಿ ಇಂಗಾಲ ಹೆಚ್ಚಿರುವ ಕಬ್ಬಿಣವನ್ನೂ ಕಡಿಮೆಯಿರುವ ಕಬ್ಬಿಣವನ್ನೂ ಒಟ್ಟಿಗೆ ಕರಗಿಸಿ ನಡುವಿನ ಪ್ರಮಾಣವನ್ನು ಪಡೆಯಲಾಗುತ್ತದೆ. ಮೊದಲನೆಯದು ಕೂಡಿಸುವ ವಿಧಾನ, ಎರಡನೆಯದು ಬೆರೆಸುವ ವಿಧಾನ. ಗುರಿ ಒಂದೇ ಆದರೂ ಬೇಕಾಗುವ ಸಾಮಗ್ರಿ ಬೇರೆ, ಕೈವಶವಿರಬೇಕಾದ ತಿಳಿವಳಿಕೆ ಬೇರೆ. ಬೆರೆಸುವ ವಿಧಾನಕ್ಕೆ ಎರಡು ಬಗೆಯ ಕಬ್ಬಿಣದ ಪೂರೈಕೆಯೂ ಅವುಗಳನ್ನು ಗುರುತಿಸುವ ಕಣ್ಣೂ ಬೇಕು; ಕೂಡಿಸುವ ವಿಧಾನಕ್ಕೆ ಒಂದೇ ಬಗೆಯ ಕಬ್ಬಿಣ ಸಾಕು, ಆದರೆ ಗಿಡದ ತುಂಡುಗಳ ತೂಕದಲ್ಲಿ ನಿಖರತೆ ಬೇಕು. ನಮ್ಮ ಬರಹಗಳಲ್ಲಿ ಕೋನಸಮುದ್ರದ ವಿವರಗಳನ್ನು ಮೈಸೂರಿಗೂ, ಮೈಸೂರಿನ ವಿವರಗಳನ್ನು ಕೋನಸಮುದ್ರಕ್ಕೂ ಹಚ್ಚಿ ಹೇಳುವ ವಾಡಿಕೆಯನ್ನು ಕೈಬಿಡುವುದು ಯುಕ್ತ.

ಇದೇ ಸಂದರ್ಭದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ ಮೂಸೆಯ ಕ್ರಮವನ್ನೂ ಹೋಲಿಸಿ ನೋಡಬಹುದು. ಅವನು ಮೂಸೆಗೆ ಹಾಕುತ್ತಿದ್ದುದು ಕಬ್ಬಿಣವನ್ನಲ್ಲ, ಅದಾಗಲೇ ಇದ್ದಲಿನ ಪುಡಿಯಲ್ಲಿ ಹಲವು ದಿನ ಕಾಯಿಸಿ ಇಂಗಾಲ ಕೂಡಿಸಿದ ಉಕ್ಕನ್ನು. ಅವನ ಮೂಸೆಯ ಕೆಲಸ ಆ ಉಕ್ಕನ್ನು ಕರಗಿಸಿ ಏಕರೂಪಗೊಳಿಸುವುದಷ್ಟೆ. ಮೈಸೂರಿನ ಮೂಸೆಯಲ್ಲಿ ಇಂಗಾಲ ಕೂಡುವುದೂ ಲೋಹ ಕರಗುವುದೂ ಒಂದೇ ಮೂಸೆಯೊಳಗೆ, ಒಂದೇ ಬೆಂಕಿಯಲ್ಲಿ, ನಾಲ್ಕು ಗಂಟೆಗಳಲ್ಲಿ ನಡೆಯುತ್ತಿದ್ದವು.

7. ಲಂಡನ್ನಿನ ಪರೀಕ್ಷೆಗಳು

ಈ ಉಕ್ಕು ಯುರೋಪಿನ ವಿದ್ವಾಂಸರ ಕೈಗೆ ಬಂದದ್ದು ಕ್ರಮವಾಗಿ ಅಲ್ಲ, ವಸ್ತುವಾಗಿ. 1794ರಲ್ಲಿ ಮುಂಬಯಿಯಿಂದ ಡಾ. ಹೆಲೆನಸ್ ಸ್ಕಾಟ್ ಎಂಬಾತನು ‘ವೂಟ್ಜ್’ ಎಂಬ ಹೆಸರಿನಲ್ಲಿ ಕೆಲವು ಮಾದರಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದನು. ಅವುಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿದನು. ಈ ಉಕ್ಕು ನೇರವಾಗಿ ಅದಿರಿನಿಂದಲೇ ತಯಾರಾದುದು, ಇದು ಎಂದೂ ಮೆದು ಕಬ್ಬಿಣದ ಸ್ಥಿತಿಯಲ್ಲಿ ಇರಲಿಲ್ಲ ಎಂಬುದು ಅವನ ಅಭಿಪ್ರಾಯ. ಆದರೆ ಕುಲುಮೆಯ ಬಳಿ ನಿಂತು ನೋಡಿದವರ ವರದಿಗಳು ಬೇರೆಯೇ ಸಂಗತಿಯನ್ನು ಹೇಳುತ್ತವೆ. ಬ್ಯೂಕನನ್, 1814ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಬೆಂಜಮಿನ್ ಹೈನ್, ಕೋನಸಮುದ್ರಂ ಕಂಡ ವಾಯ್ಸಿ, ಈ ಮೂವರ ಬರಹಗಳಲ್ಲಿಯೂ ಮೂಸೆಗೆ ಹೋಗುವುದು ಕಬ್ಬಿಣವೇ ಹೊರತು ಅದಿರಲ್ಲ. ನುರಿತ ರಸಾಯನಶಾಸ್ತ್ರಜ್ಞನೊಬ್ಬನು ಲೋಹದ ತುಂಡಿನಿಂದ ಓದಲಾರದೆ ಹೋದುದನ್ನು ಪ್ರವಾಸಿಗಳು ಕುಲುಮೆಯ ಬಳಿ ನಿಂತು ಕಂಡರು.

ಪಿಯರ್ಸನ್ನನ ಬಳಿಕ 1804ರಲ್ಲಿ ಡೇವಿಡ್ ಮಷೆಟ್ ಈ ಉಕ್ಕನ್ನು ಪರೀಕ್ಷಿಸಿದನು. ಲಂಡನ್ನಿನ ಶಸ್ತ್ರೋಪಕರಣ ತಯಾರಕ ಜೇಮ್ಸ್ ಸ್ಟೋಡಾರ್ಟ್ ಇದನ್ನು ಯುರೋಪಿನ ಉತ್ತಮ ಉಕ್ಕಿಗಿಂತಲೂ ಮೇಲೆಂದು ಭಾವಿಸಿ ಅದರಿಂದ ಉಪಕರಣಗಳನ್ನು ಮಾಡಿದನು. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರಲ್ಲಿ ವೂಟ್ಜ್‌ನ ವಿಶ್ಲೇಷಣೆಯನ್ನು ಪ್ರಕಟಿಸಿ, ಅದರ ಗುಣಕ್ಕೆ ಅದರಲ್ಲಿರುವ ಅಲ್ಯೂಮಿನಿಯಂ ಅಂಶ ಕಾರಣವಿರಬಹುದೆಂದು ಭಾವಿಸಿದನು. ಅನಂತರ ಸ್ಟೋಡಾರ್ಟ್‌ನೊಡನೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದ ಲೋಹಗಳನ್ನು ಬೆರೆಸಿ 1822ರವರೆಗೆ ಪ್ರಯೋಗಗಳನ್ನು ನಡೆಸಿದನು. ಅಲ್ಯೂಮಿನಿಯಂ ಕುರಿತ ಊಹೆ ನಿಲ್ಲಲಿಲ್ಲ. ಆದರೆ ಮಿಶ್ರಲೋಹದ ಉಕ್ಕುಗಳನ್ನು ಕುರಿತ ವೈಜ್ಞಾನಿಕ ಅಧ್ಯಯನಕ್ಕೆ ಈ ಪ್ರಯೋಗಗಳು ನಾಂದಿಯಾದವು. ದಕ್ಷಿಣ ಭಾರತದ ಮೂಸೆಯ ಗಟ್ಟಿಯೊಂದು ಯುರೋಪಿನ ಲೋಹವಿಜ್ಞಾನದ ಬೆಳವಣಿಗೆಗೆ ಹೀಗೆ ಪ್ರೇರಣೆಯಾದುದನ್ನು ಸಿರಿಲ್ ಸ್ಟ್ಯಾನ್ಲಿ ಸ್ಮಿತ್ ಅವರ 1960ರ ಗ್ರಂಥವೂ, ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರ 2004ರ ಗ್ರಂಥವೂ ಚರ್ಚಿಸಿವೆ.

ಯುರೋಪಿನ ಕಮ್ಮಾರರಿಗೆ ಈ ಉಕ್ಕನ್ನು ಬಡಿಯುವುದೂ ಕಷ್ಟವಾಗಿತ್ತು. ತಮ್ಮ ಕಬ್ಬಿಣವನ್ನು ಕಾಯಿಸುವಂತೆ ಇದನ್ನೂ ಬೆಳ್ಳಗಾಗುವವರೆಗೆ ಕಾಯಿಸಿದರೆ ಸುತ್ತಿಗೆಯ ಏಟಿಗೆ ಪುಡಿಯಾಗುತ್ತಿತ್ತು. ಇಂಗಾಲ ಹೆಚ್ಚಿರುವ ಉಕ್ಕು ಕಡಿಮೆ ಶಾಖದಲ್ಲಿಯೇ ಕರಗತೊಡಗುವುದರಿಂದ ಅದನ್ನು ಕೆಂಪು ಕಾವಿನಲ್ಲಿ, ತಾಳ್ಮೆಯಿಂದ, ಮತ್ತೆ ಮತ್ತೆ ಕಾಯಿಸಿ ಬಡಿಯಬೇಕು. ಖಡ್ಗಗಳ ಮೇಲೆ ಕಾಣುವ ಅಲೆಯಂತಹ ವಿನ್ಯಾಸಕ್ಕೆ ಉಕ್ಕಿನಲ್ಲಿರುವ ವೆನೇಡಿಯಂನಂತಹ ಧಾತುಗಳ ಅತ್ಯಲ್ಪ ಅಂಶವೂ ಈ ಬಗೆಯ ಪುನರಾವರ್ತಿತ ಕಾಯಿಸುವಿಕೆಯೂ ಕಾರಣವೆಂಬುದನ್ನು ಜೆ.ಡಿ. ವರ್ಹೋವೆನ್, ಎ.ಎಚ್. ಪೆಂಡ್ರೆ ಮತ್ತು ಡಬ್ಲ್ಯು.ಇ. ಡಾಕ್ಷ್ 1998ರಲ್ಲಿ ಪ್ರಯೋಗಗಳ ಆಧಾರದಿಂದ ಪ್ರತಿಪಾದಿಸಿದರು. ವೆನೇಡಿಯಂ ಅದಿರಿನಿಂದ ಬರುವಂತಹುದು. ಕೆಂಪು ಕಾವು ಕಮ್ಮಾರನ ಕಣ್ಣಿನಿಂದ ಬರುವಂತಹುದು. ಇವೆರಡರಲ್ಲಿ ಯಾವುದೂ ಬರಿಯ ಸೂತ್ರವಾಗಿ ಬರೆದು ಕಳುಹಿಸುವಂತಹುದಲ್ಲ.

8. ಅವನತಿ ಮತ್ತು ಭದ್ರಾವತಿಯ ಕ್ರಮ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಸುಬು ಕುಗ್ಗಿತು. 1856ರಲ್ಲಿ ಹೆನ್ರಿ ಬೆಸೆಮರ್ ಹಕ್ಕುಪತ್ರ ಪಡೆದ ಕ್ರಮದಲ್ಲಿ ಕರಗಿದ ಬೀಡಿನೊಳಗೆ ಗಾಳಿಯನ್ನು ಹಾಯಿಸಿ ಹೆಚ್ಚುವರಿ ಇಂಗಾಲವನ್ನು ಉರಿಸಿಬಿಡುತ್ತಿದ್ದರು. ಹಲವು ಟನ್ನು ಉಕ್ಕು ಅರ್ಧ ಗಂಟೆಯೊಳಗೆ ಸಿದ್ಧವಾಗುತ್ತಿತ್ತು. ದಿನಕ್ಕೆ 19 ಕಿಲೋಗ್ರಾಂ ತೆಗೆಯುವ ಹದಿಮೂರು ಮಂದಿಯ ತಂಡವು ಹಡಗಿನಲ್ಲಿ ಬಂದಿಳಿದ ಈ ಅಗ್ಗದ ಉಕ್ಕಿನೊಡನೆ ಸ್ಪರ್ಧಿಸುವುದು ಅಸಾಧ್ಯವಾಗಿತ್ತು. ಕಾಡುಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾದಂತೆ ಇದ್ದಲಿನ ಲಭ್ಯತೆಯೂ ಮೊದಲಿನಂತೆ ಉಳಿಯಲಿಲ್ಲ. ಕತ್ತಿಯ ಬೇಡಿಕೆ ಇಳಿಯಿತು. ಮರಳು, ಇದ್ದಲು, ಕಬ್ಬಿಣ, ಮೂಸೆ, ಮಾರುಕಟ್ಟೆ ಎಂಬ ಸರಪಳಿಯ ಒಂದೊಂದೇ ಕೊಂಡಿ ಸಡಿಲಿದಾಗ ಅದರ ನಡುವೆ ಇದ್ದ ಮೂಸೆಯ ಕುಲುಮೆ ಆರಿಹೋಯಿತು.

ಇದೇ ನಾಡಿನಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಕಬ್ಬಿಣ ತಯಾರಾದದ್ದು ಭದ್ರಾವತಿಯಲ್ಲಿ. ಮೈಸೂರು ಸಂಸ್ಥಾನವು ಸ್ಥಾಪಿಸಿದ ಈ ಕಾರ್ಖಾನೆಯಲ್ಲಿ 1923ರ ಜನವರಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದೇ ವರ್ಷದಿಂದ 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. ಅದಿರು ಕೆಮ್ಮಣ್ಣುಗುಂಡಿಯದು, ಇಂಧನ ಮಲೆನಾಡಿನ ಮರದ ಇದ್ದಲು. ಕಟ್ಟಿಗೆಯನ್ನು ಇದ್ದಲಾಗಿಸುವಾಗ ಹೊರಡುವ ಆವಿಯನ್ನೂ ವ್ಯರ್ಥಗೊಳಿಸದೆ ಅದರಿಂದ ರಾಸಾಯನಿಕಗಳನ್ನು ಪಡೆಯುವ ವ್ಯವಸ್ಥೆ ಅಲ್ಲಿತ್ತು. ಉಕ್ಕಿನ ವಿಭಾಗ 1936ರಲ್ಲಿ ಆರಂಭವಾಯಿತು.

ಇದ್ದಲಿನ ಬಳಕೆಯನ್ನು ಕಂಡು ಭದ್ರಾವತಿಯನ್ನು ಹಳೆಯ ಕುಲುಮೆಯ ಮುಂದುವರಿಕೆಯೆಂದು ಭಾವಿಸುವ ಸಾಧ್ಯತೆಯಿದೆ. ಕ್ರಮದ ದೃಷ್ಟಿಯಿಂದ ಅದು ತದ್ವಿರುದ್ಧವಾದುದು. ಎತ್ತರವಾದ ಊದುಕುಲುಮೆಯಲ್ಲಿ ಅದಿರು ಮೇಲಿನಿಂದ ಕೆಳಗಿಳಿಯುವಾಗ ಇಂಗಾಲವನ್ನು ಹೀರುತ್ತ ಕರಗಿ ಬೀಡಾಗಿ ಹೊರಬರುತ್ತದೆ. ಅದನ್ನು ಉಕ್ಕಾಗಿಸಬೇಕಾದರೆ ಇಂಗಾಲವನ್ನು ತೆಗೆಯಬೇಕು. ಮೂಸೆಯ ಕ್ರಮದಲ್ಲಿ ಇಂಗಾಲವಿಲ್ಲದ ಕಬ್ಬಿಣಕ್ಕೆ ಇಂಗಾಲವನ್ನು ಕೂಡಿಸಬೇಕು. ಮೊದಲನೆಯದರಲ್ಲಿ ಉಕ್ಕಿಗೆ ಮೇಲಿನಿಂದ ಇಳಿದು ಬರುವ ದಾರಿ, ಎರಡನೆಯದರಲ್ಲಿ ಕೆಳಗಿನಿಂದ ಏರಿ ಹೋಗುವ ದಾರಿ. ಎರಡರ ನಡುವೆ ಶತಮಾನದ ಅಂತರಕ್ಕಿಂತ ಹೆಚ್ಚಾಗಿ ದಿಕ್ಕಿನ ಅಂತರವಿದೆ. ಆದ್ದರಿಂದಲೇ ಹಳೆಯ ಕುಶಲಿಗಳ ತಿಳಿವಳಿಕೆಗೆ ಹೊಸ ಕಾರ್ಖಾನೆಯಲ್ಲಿ ನೇರವಾದ ಸ್ಥಾನವೊಂದು ಇರುವುದು ಸಾಧ್ಯವಿರಲಿಲ್ಲ.

9. ಉಪಸಂಹಾರ

ಈ ವಿವೇಚನೆಯಿಂದ ಮೂಡುವ ತೀರ್ಮಾನ ಹೀಗಿದೆ. ಮೈಸೂರು ಸೀಮೆಯ ಮೂಸೆಯ ಉಕ್ಕಿನಲ್ಲಿ ಬಚ್ಚಿಟ್ಟ ಸೂತ್ರವೊಂದು ಇದ್ದು ಅದು ಕಳೆದುಹೋಯಿತೆಂಬ ಮಾತಿಗೆ ಆಧಾರವಿಲ್ಲ. ಸಾಮಗ್ರಿ, ತೂಕ, ಸಮಯ ಇವೆಲ್ಲವೂ 1807ರಿಂದ ಅಚ್ಚಿನಲ್ಲಿಯೇ ಇವೆ. ಕಳೆದುಹೋದದ್ದು ಆ ಸೂತ್ರವನ್ನು ನಡೆಸುತ್ತಿದ್ದ ಜನರ ಹೊಂದಾಣಿಕೆ: ಮರಳು ತೊಳೆಯುವವನಿಂದ ಹಿಡಿದು ತಂತಿ ಎಳೆಯುವವನವರೆಗಿನ ಕಸುಬುಗಳ ಪರಸ್ಪರ ಅವಲಂಬನೆ, ಮತ್ತು ಬೆಂಕಿಯ ಬಣ್ಣವನ್ನು ನೋಡಿ ಶಾಖವನ್ನು ಅರಿಯುವ ಕಣ್ಣು. ಹದಿಮೂರು ಮಂದಿಯ ಆ ತಂಡದಲ್ಲಿ ಒಬ್ಬನ ಹೆಸರೂ ನಮಗೆ ಬ್ಯೂಕನನ್ನನ ವರ್ಣನೆಯಿಂದ ದೊರೆಯುವುದಿಲ್ಲ. ‘ರಹಸ್ಯ’ವನ್ನು ಕುರಿತ ಕಥೆ ಆ ಹೆಸರಿಲ್ಲದವರ ದುಡಿಮೆಯನ್ನು ಇನ್ನೊಮ್ಮೆ ಮರೆಮಾಡುತ್ತದೆ.

ಸಂಶೋಧಕರು ಮಾಡಬೇಕಾದ ಕೆಲಸ ಇನ್ನೂ ಉಳಿದಿದೆ. ನಮ್ಮ ಗ್ರಾಮಗಳ ಅಂಚಿನಲ್ಲಿ ಕಾಣುವ ಕಪ್ಪು ದಿಬ್ಬಗಳನ್ನೆಲ್ಲ ‘ಕಬ್ಬಿಣದ ಕಿಟ್ಟ’ ಎಂದು ಒಂದೇ ಹೆಸರಿನಲ್ಲಿ ನಮೂದಿಸಿ ಮುಂದೆ ಸಾಗುವುದು ಕ್ಷೇತ್ರಕಾರ್ಯದಲ್ಲಿ ಸಾಮಾನ್ಯ. ಭಾರವಾಗಿದ್ದು, ಹರಿದು ಹೆಪ್ಪುಗಟ್ಟಿದ ಗುರುತುಳ್ಳ ತುಂಡುಗಳು ಅದಿರಿನಿಂದ ಕಬ್ಬಿಣ ತೆಗೆದ ಕುಲುಮೆಯ ಕಿಟ್ಟ. ಹಗುರವಾಗಿದ್ದು, ಹೊರಮೈ ಗಾಜಿನಂತೆ ಕರಗಿ ಹೊಳೆಯುವ, ಒಡಲು ಕಪ್ಪಾಗಿರುವ, ಒಳಮೈಯಲ್ಲಿ ಲೋಹ ನಿಂತ ಮಟ್ಟವನ್ನು ತೋರಿಸುವ ಉಂಗುರದಂತಹ ಗೆರೆಯುಳ್ಳ ಬಾಗಿದ ತುಂಡುಗಳು ಮೂಸೆಯ ಒಡಕುಗಳು. ಮೊದಲನೆಯವು ಕಬ್ಬಿಣದ ಸಾಕ್ಷಿ, ಎರಡನೆಯವು ಉಕ್ಕಿನ ಸಾಕ್ಷಿ. ಈ ಭೇದವನ್ನು ಸ್ಥಳದಲ್ಲಿಯೇ ಗುರುತಿಸಿ ದಾಖಲಿಸುವುದಕ್ಕೆ ದುಬಾರಿಯಾದ ಉಪಕರಣಗಳೇನೂ ಬೇಕಿಲ್ಲ. ಹೊಲ ಸಮತಟ್ಟು ಮಾಡುವಾಗಲೂ ರಸ್ತೆಗೆ ಮಣ್ಣು ತುಂಬುವಾಗಲೂ ಇಂತಹ ದಿಬ್ಬಗಳು ಕರಗುವ ಸಂಭವವಿರುವುದರಿಂದ ಈ ಕಾರ್ಯವನ್ನು ಮುಂದೂಡುವುದು ಹಿತವಲ್ಲ. ಯಾವ ಊರಿನಲ್ಲಿ ಯಾವ ಕ್ರಮ ನಡೆಯುತ್ತಿತ್ತು ಎಂಬ ನಕ್ಷೆಯೊಂದು ಸಿದ್ಧವಾದಾಗ, ಜಗತ್ತಿನ ನಿಘಂಟುಗಳಿಗೆ ಹೋದ ‘ಉಕ್ಕು’ ಎಂಬ ನಮ್ಮ ಪದಕ್ಕೆ ಅದರ ನೆಲವೂ, ಅದರ ಹಿಂದೆ ದುಡಿದ ಕೈಗಳೂ ಮರಳಿ ದೊರೆತಂತಾಗುತ್ತದೆ.